ಮೇಲಿನ ಕೋಣೆಯ ಭಾರ

ಫೆಬ್ರವರಿ 3, ಸಂಜೆ 5.20

ಹೀಲಿಯಂ ಮಟ್ಟ ಸರಿ. ಕೋಣೆಯ ಶಾಖ ಸರಿ. ಪಂಪಿನ ಸದ್ದು ಎಂದಿನಂತೆ. ಮೂರು ಗಂಟೆಗೆ ಯಂತ್ರದ ಪರದೆಯ ಮೇಲಿನ ಗೆರೆ ಇಳಿಯಿತು, ನಾಲ್ಕೂವರೆಗೆ ಏರಿತು. ಅದನ್ನು ಆಫೀಸಿನ ಲಾಗ್‌ನಲ್ಲಿ ಬರೆಯಲಿಲ್ಲ.

ಹದಿನೆಂಟು ವರ್ಷದ ಅಭ್ಯಾಸ — ಏನು ಕಂಡರೂ ಮೊದಲು ಲಾಗ್. ಇವತ್ತು ಪೆನ್ನು ಎತ್ತಿದವಳು ಹಾಗೇ ಕೆಳಗಿಟ್ಟೆ. ಏನೆಂದು ಬರೆಯಲಿ? ಗೆರೆ ಅಷ್ಟು ಇಳಿಯಿತೆಂದರೆ ಮೇಲಿನ ಕೋಣೆಯಲ್ಲಿ ಯಾರೋ ಬಂದು ಕುರ್ಚಿಯಲ್ಲಿ ಕೂತರು ಎಂದರ್ಥ. ಮೇಲಿನ ಕೋಣೆಗೆ ಅಕ್ಟೋಬರ್‌ನಿಂದ ಬೀಗ. ಅದು ನಮ್ಮ ಯಜಮಾನರ ಕೋಣೆ. ಅವರು ತೀರಿಕೊಂಡಿದ್ದೂ ಅದೇ ಕುರ್ಚಿಯಲ್ಲಿ.

ಈ ಹಳೇ ಡೈರಿಯ ಹಿಂದೆ ಖಾಲಿ ಹಾಳೆ ತುಂಬ ಇವೆ. ಇಲ್ಲಿ ಬರೆದಿಡುತ್ತೇನೆ. ಯಾರೂ ಕೇಳುವುದಿಲ್ಲ.

ಫೆಬ್ರವರಿ 4, ಸಂಜೆ 5

ಇವತ್ತೂ. 3.05ಕ್ಕೆ ಇಳಿಯಿತು. 4.35ಕ್ಕೆ ಏರಿತು.

ದೋಷ ಹುಡುಕಿದೆ. ಬೆಳಗಿನಿಂದ ಹುಡುಕಿದೆ. ಕಂಪ್ಯೂಟರ್ ಚಂದ್ರನ ಸೆಳೆತ ಕಳೆದಿದೆ, ಸೂರ್ಯನದ್ದು ಕಳೆದಿದೆ, ಗಾಳಿಯ ಒತ್ತಡವನ್ನೂ ಕಳೆದಿದೆ. ಎಲ್ಲ ಕಳೆದ ಮೇಲೆ ಉಳಿಯುವ ಗೆರೆ ನೆಟ್ಟಗಿರಬೇಕು. ಇದ್ದಕ್ಕಿದ್ದಂತೆ ಮೆಟ್ಟಿಲಿಳಿದ ಹಾಗೆ ಇಳಿಯುತ್ತದೆ, ಒಂದೂವರೆ ಗಂಟೆ ಅಲ್ಲೇ ಇದ್ದು ಮತ್ತೆ ಏರುತ್ತದೆ.

ನಮ್ಮ ಯಂತ್ರದ ಕೆಲಸ ಇಷ್ಟೇ — ಈ ಜಾಗದಲ್ಲಿ ವಸ್ತುಗಳು ಎಷ್ಟು ಭಾರ ಎಂದು ಕ್ಷಣಕ್ಷಣಕ್ಕೂ ನೋಡುವುದು. ಮೇಲೆ ಯಾರಾದರೂ ಕೂತರೆ ಆ ಮೈ ತನ್ನ ಕಡೆಗೆ, ಅಂದರೆ ಮೇಲಕ್ಕೆ, ಒಂದಿಷ್ಟು ಎಳೆಯುತ್ತದೆ. ಕೆಳಗಿರುವುದೆಲ್ಲ ಅಷ್ಟು ಹಗುರಾಗುತ್ತದೆ. ಸಾವಿರ ಕೋಟಿಯಲ್ಲಿ ಒಂದು ಪಾಲು. ಅಷ್ಟನ್ನೂ ಈ ಪುಣ್ಯಾತ್ಮ ಯಂತ್ರ ಹಿಡಿಯುತ್ತದೆ. "ನಾನು ಮೇಲೆ ಕೂತಷ್ಟು ಹೊತ್ತು ನೀನು ಹಗುರ ಕಣೇ" ಎನ್ನುತ್ತಿದ್ದರು. ಮದುವೆಯಾದ ಮೇಲೆ ನಾನು ಹಗುರಾಗಿದ್ದು ಅಷ್ಟೇ ಎಂದು ನಾನು ರೇಗಿಸುತ್ತಿದ್ದೆ.

ಬೆಳಕಿಗೆ ಪರದೆ ಹಾಕಬಹುದು. ಸದ್ದಿಗೆ ಬಾಗಿಲು ಮುಚ್ಚಬಹುದು. ಭಾರಕ್ಕೆ ಯಾವ ಮರೆಯೂ ಇಲ್ಲ. ಸೀಸದ ಗೋಡೆ ಕಟ್ಟಿದರೂ ದಾಟಿ ಬರುತ್ತದೆ. ಬೀಗ ಹಾಕಿದ ಕೋಣೆಯಿಂದಲೂ.

ಫೆಬ್ರವರಿ 6, ರಾತ್ರಿ 8

ಬಂತು. ನಾಲ್ಕನೇ ದಿನ.

ಮೇಲೆ ಹೋಗಿ ನೋಡಬಹುದು. ಹದಿನಾಲ್ಕು ಮೆಟ್ಟಿಲು. ಅಕ್ಟೋಬರ್‌ನಿಂದ ಆ ಮೆಟ್ಟಿಲು ಹತ್ತಿಲ್ಲ. ಹಿಂದಿನ ಬಾಗಿಲಿನಿಂದ, ಗ್ಯಾರೇಜ್ ಸುತ್ತಿ, ನೇರ ನೆಲಮಾಳಿಗೆಗೆ ಬರುತ್ತೇನೆ. ಅಷ್ಟು ದೂರ ಯಾಕೆ ಸುತ್ತುತ್ತೀರಿ ಎಂದು ಯಾರೂ ಕೇಳಿಲ್ಲ, ಅದೊಂದು ಪುಣ್ಯ.

ಮನೆಗೆ ಬಂದರೆ ಗುಂಡಮ್ಮ ಆಗಲೇ ಮಲಗಿದ್ದಾಳೆ. ಎಂಟು ಗಂಟೆಗೆ! ಹುಟ್ಟಿದಾಗ ನಾಲ್ಕು ಕೆಜಿ ಇದ್ದಳೆಂದು ಅಪ್ಪ ಇಟ್ಟ ಹೆಸರು, ಡಿಗ್ರಿ ಎರಡನೇ ವರ್ಷಕ್ಕೆ ಬಂದರೂ ಹೋಗಿಲ್ಲ. ಊಟಕ್ಕೆ ಏಳೇ ಎಂದೆ. "ಕ್ಯಾಂಟೀನಲ್ಲಿ ತಿಂದೆ ಅಮ್ಮ" ಅಂದಳು, ಗೋಡೆ ಕಡೆ ತಿರುಗಿಕೊಂಡೇ. ಸರಿ ಎಂದು ಒಬ್ಬಳೇ ತಿಂದೆ. ಮನಸ್ಸೆಲ್ಲ ಗೆರೆಯ ಮೇಲೆ.

ಫೆಬ್ರವರಿ 8, ಭಾನುವಾರ

ನಿನ್ನೆ ಬರಲಿಲ್ಲ. ಇವತ್ತೂ ಇಲ್ಲ. ಮನೆಯಿಂದಲೇ ಕಂಪ್ಯೂಟರ್‌ನಲ್ಲಿ ನೋಡಿದೆ, ಮೂರರಿಂದ ಐದರ ತನಕ ಕಣ್ಣು ಮಿಟುಕಿಸದೆ.

ಬದುಕಿದ್ದಾಗ ಒಂದು ದಿನ ರಜೆ ಹಾಕಿದವರಲ್ಲ. ಈಗ ಶನಿವಾರ ಭಾನುವಾರ ರಜೆ ಅಂತೆ ಮಹಾರಾಯರಿಗೆ!

ನಗು ಬಂತು. ಆಮೇಲೆ ಹೆದರಿಕೆಯಾಯಿತು. ಆಗಲೇ "ಬಂದರು, ಬರಲಿಲ್ಲ" ಎನ್ನಲು ಶುರು ಮಾಡಿದ್ದೇನೆ.

ಫೆಬ್ರವರಿ 11, ಸಂಜೆ 5.45

ಇದನ್ನೂ ಬರೆದುಬಿಡುತ್ತೇನೆ. ಯಾರ ಹತ್ತಿರವೂ ಹೇಳಿಲ್ಲ.

ಅಕ್ಟೋಬರ್ 17. ಮಧ್ಯಾಹ್ನ. ಅವರು ಮೇಲೆ, ನಾನು ಕೆಳಗೆ. ಲಾಗ್‌ನಲ್ಲಿ ಅರ್ಧ ಗಂಟೆಗೊಮ್ಮೆ ಬರೆಯುವ ಪದ್ಧತಿ — ಮೇಲೆ ಯಾರಿದ್ದಾರೆ, ಎಷ್ಟು ಹೊತ್ತು — ಆಮೇಲೆ ಅಷ್ಟನ್ನು ಲೆಕ್ಕದಿಂದ ತೆಗೆಯಬೇಕಲ್ಲ, ಅದಕ್ಕೆ. ಎಂದೂ ಎದ್ದು ಹೋಗಿ ನೋಡಿದವಳಲ್ಲ. ಗೆರೆ ನೋಡಿದರೆ ಸಾಕು. 3.30: "ಮೇಲಿನ ಕೋಣೆ — ಒಬ್ಬರು. ಗೆರೆ ಸ್ಥಿರ." 4.00: "ಮೇಲಿನ ಕೋಣೆ — ಒಬ್ಬರು. ಗೆರೆ ಬಹಳ ಸ್ಥಿರ." ಬಹಳ ಎಂದು ಬರೆದೆ. ಖುಷಿಯಿಂದ ಬರೆದೆ. ಇಷ್ಟು ಚೊಕ್ಕ ಗೆರೆ ಎಂದೂ ಬಂದಿರಲಿಲ್ಲ.

4.25ಕ್ಕೆ ಜವಾನ ಫೈಲು ಕೊಡಲು ಹೋದ. ಆಮೇಲೆ ಕೂಗಾಟ.

ಬದುಕಿದ್ದವರು ಕೂತಲ್ಲೇ ಅಲುಗಾಡುತ್ತಾರೆ. ಕಾಲು ಮೇಲೆ ಕಾಲು ಹಾಕುತ್ತಾರೆ, ಬಗ್ಗುತ್ತಾರೆ, ಪುಸ್ತಕ ತೆಗೆಯುತ್ತಾರೆ. ಗೆರೆ ಸಣ್ಣಗೆ ನಡುಗುತ್ತಲೇ ಇರುತ್ತದೆ. ಅವತ್ತಿನ ಗೆರೆಯಲ್ಲಿ ನಡುಕ ನಿಂತಿದ್ದು 3.07ಕ್ಕೆ. ತೂಕ ಇಳಿಯಲಿಲ್ಲ. ಪ್ರಾಣ ಹೋದರೆ ಯಂತ್ರಕ್ಕೆ ಏನೂ ಗೊತ್ತಾಗುವುದಿಲ್ಲ. ಐದು ಗಂಟೆಗೆ ಸ್ಟ್ರೆಚರ್‌ನಲ್ಲಿ ಎತ್ತಿಕೊಂಡು ಹೋದಾಗ ಮಾತ್ರ ಗೆರೆ ಮೇಲೆ ಹೋಗಿದೆ.

"ಹತ್ತು ನಿಮಿಷದಲ್ಲಿ ಯಾರಾದ್ರೂ ನೋಡಿದ್ರೆ ಉಳೀತಿದ್ರು" ಅಂದರು ಡಾಕ್ಟರ್. ನೋಡುತ್ತಲೇ ಇದ್ದೆ ಸ್ವಾಮಿ. ಒಂದು ಗಂಟೆ ಹದಿನೆಂಟು ನಿಮಿಷ.

ಫೆಬ್ರವರಿ 13, ಸಂಜೆ 5

ಲೆಕ್ಕ ಹಾಕಿದೆ. ಹಾಕಬಾರದು ಅಂದುಕೊಂಡಿದ್ದೆ.

ಅವರೇ ಮಾಡಿಟ್ಟ ಪಟ್ಟಿ ಇದೆ, ಗೆರೆ ಇಷ್ಟು ಇಳಿದರೆ ಕೂತವರು ಇಷ್ಟು ಕೆಜಿ ಎಂದು. ಉಬ್ಬಿಕೊಂಡ ಹೊಟ್ಟೆ ಇಳಿಸುತ್ತೇನೆಂದು ಅವರು ಹಟ ತೊಟ್ಟಿದ್ದ ದಿನಗಳಲ್ಲಿ ನಾನು ಇಲ್ಲಿಂದ ಫೋನ್ ಮಾಡಿ "ಅರ್ಧ ಕೆಜಿ ಜಾಸ್ತಿ ಆಗಿದ್ದೀರಿ, ಕದ್ದು ಏನು ತಿಂದ್ರಿ?" ಎಂದು ಕೇಳುತ್ತಿದ್ದೆ. ಮೇಲಿಂದ ನಗು. ಫೋನಿನಲ್ಲಿ ಒಂದು, ಮೆಟ್ಟಿಲ ಕಡೆಯಿಂದ ಒಂದು.

ಐವತ್ತೊಂದು ಬಂತು.

ಅವರು ಎಪ್ಪತ್ತಾರು ಇದ್ದರು. ಇನ್ನುಳಿದ ಇಪ್ಪತ್ತೈದು ಎಲ್ಲಿ? ಸತ್ತ ಮೇಲೆ ಎಲ್ಲರೂ ಒಂದಿಷ್ಟು ಕರಗುತ್ತಾರೇನೋ. ಹೀಗೆಲ್ಲ ಯೋಚಿಸುತ್ತಿರುವುದು ನಾನೇ, ಡಿಪ್ಲೊಮಾದಲ್ಲಿ ಮೊದಲ ದರ್ಜೆ. ಥೂ.

ಫೆಬ್ರವರಿ 24, ಸಂಜೆ 6

ಹನ್ನೊಂದು ದಿನ ಬರೆಯಲಿಲ್ಲ. ಬರೆಯುವಂಥದ್ದೇನು, ಬರುತ್ತಾರೆ, ಕೂರುತ್ತಾರೆ, ಹೋಗುತ್ತಾರೆ. ಮೂರು ಗಂಟೆಗೆ ಟೀ ಮಾಡಿ ಎರಡು ಲೋಟ ಇಡುತ್ತೇನೆ. ಒಂದನ್ನು ಸಿಂಕಿಗೆ ಸುರಿಯುತ್ತೇನೆ. ಒಳ್ಳೆಯ ದಿನಗಳು. ಸುಳ್ಳೇಕೆ ಹೇಳಲಿ, ನಾಲ್ಕು ತಿಂಗಳಲ್ಲಿ ಇಷ್ಟು ನೆಮ್ಮದಿ ಇರಲಿಲ್ಲ.

ಆದರೆ ಇವತ್ತು ನಲವತ್ತೊಂಬತ್ತು. ಇಳಿಯುತ್ತಿದೆ.

ಗಡಿಯಾರದವರು ಬಂದಿದ್ದರು. ಪಕ್ಕದ ಲ್ಯಾಬಿನವರು, ನಿವೃತ್ತಿಗೆ ಒಂದು ವರ್ಷ. ಒಂದು ಗಡಿಯಾರ ಇಲ್ಲಿ ಕೆಳಗೆ, ಇನ್ನೊಂದು ಮೂರನೇ ಮಹಡಿಯಲ್ಲಿ, ಎರಡರ ವ್ಯತ್ಯಾಸ ನೋಡುತ್ತ ಕೂರುವುದೇ ಅವರ ಜೀವನ. ಭೂಮಿಗೆ ಹತ್ತಿರವಿದ್ದಷ್ಟೂ ಕಾಲ ನಿಧಾನ. ಮೇಲಿನ ಗಡಿಯಾರ ಯಾವಾಗಲೂ ಮುಂದೆ.

"ಮೇಲಿನ ಕೋಣೇಲಿ ಕೂತವರಿಗೆ ನಿನಗಿಂತ ಬೇಗ ವಯಸ್ಸಾಗುತ್ತೆ ಕಣಮ್ಮ" ಅಂದರು.

ಲೋಟ ಕೆಳಗಿಟ್ಟೆ. "ಎಷ್ಟು ಬೇಗ?"

"ನೂರು ವರ್ಷ ಅಲ್ಲೇ ಕೂತ್ರೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು!" ತಮ್ಮ ಮಾತಿಗೆ ತಾವೇ ನಕ್ಕರು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಎರಡು ಲೋಟವನ್ನೂ ನೋಡಿದರು.

ಮಾರ್ಚ್ 3, ಸಂಜೆ 5.10

ದೊಡ್ಡವರು ಕರೆಸಿದ್ದರು. ನಮ್ಮ ಮುಖ್ಯಸ್ಥರು. ಫೆಬ್ರವರಿಯ ಗ್ರಾಫ್ ಮೇಜಿನ ಮೇಲೆ ಹರವಿತ್ತು.

"ಏನಿದು, ದಿನಾ ಮಧ್ಯಾಹ್ನ ಹಲ್ಲು ಬಿದ್ದ ಹಾಗೆ?"

"ಏಸಿ ಕಂಪ್ರೆಸರ್ ಇರಬೇಕು ಸರ್."

"ಶನಿವಾರ ಭಾನುವಾರ ಏಸಿ ಓಡಲ್ವಾ?"

ಬಾಯಿಗೆ ಬಂದದ್ದು ಹೇಳಿದೆ. ಟೈಮರ್, ವೋಲ್ಟೇಜು, ಇನ್ನೂ ಏನೇನೋ. ಆಯ್ತು ನೋಡಿ ಅಂದರು. ಮಾರ್ಚ್ ಕೊನೆಗೆ ಹೊಸಬರು ಬರುತ್ತಾರಂತೆ, ಮೇಲಿನ ಕೋಣೆ ಅವರಿಗೆ. ಬಣ್ಣ ಹೊಡೆಸುತ್ತಾರೆ. ಹಳೇ ಕುರ್ಚಿ ತೆಗೆಸುತ್ತಾರೆ. "ಬೇಜಾರಿಲ್ಲ ತಾನೇ?" ಎಂದು ಕೇಳಿದರು, ಒಳ್ಳೆಯ ಮನುಷ್ಯ. ಇಲ್ಲ ಸರ್ ಅಂದೆ.

ಕೆಳಗೆ ಬಂದು ಲಾಗ್ ತೆಗೆದು ಫೆಬ್ರವರಿ 3ರಿಂದ ಪ್ರತಿ ದಿನಕ್ಕೂ "ಏಸಿ" ಎಂದು ತುಂಬಿದೆ. ಹದಿನೆಂಟು ವರ್ಷದಲ್ಲಿ ಬರೆದ ಮೊದಲ ಸುಳ್ಳು. ಇಪ್ಪತ್ತೊಂದು ಸುಳ್ಳು, ಒಂದೇ ಸಲಕ್ಕೆ.

ನಲವತ್ತಾರು.

ಮಾರ್ಚ್ 9, ರಾತ್ರಿ 7.30

ಜಗಳ.

ಗುಂಡಮ್ಮ ಸ್ನಾನ ಮಾಡಿ ಬಂದು ತಲೆ ಬಾಚುತ್ತಿದ್ದಳು. ಬಾಚಣಿಗೆ ತುಂಬ ಕೂದಲು. ಅಂಗಿ ಹೆಗಲಿನಿಂದ ಜಾರುತ್ತಿದೆ. "ಏನೇ ಇದು, ಹಂಚಿಕಡ್ಡಿ ಥರ ಆಗಿದ್ದೀಯ!" ಎಂದೆ.

"ಈಗ ಕಾಣಿಸ್ತಾ?"

"ಏನು ಮಾತು ಅದು?"

"ಏನಿಲ್ಲ ಬಿಡು."

"ಡಯೆಟ್ಟು ಗಿಯೆಟ್ಟು ಅಂತ ಹುಚ್ಚಾಟ ಶುರು ಮಾಡ್ಕೊಂಡಿದ್ದೀಯಾ? ನಿಮ್ಮಪ್ಪ ಇದ್ದಿದ್ರೆ—"

"ಅಪ್ಪ ಇದ್ದಿದ್ರೆ ಕೇಳ್ತಿದ್ರು" ಅಂದಳು. ಬಾಗಿಲು ಹಾಕಿಕೊಂಡಳು. ಜೋರಾಗಿ ಅಲ್ಲ, ಮೆತ್ತಗೆ. ಅದು ಇನ್ನೂ ಉರಿಯಿತು.

ಬಾಗಿಲ ಪಕ್ಕದ ಮೊಳೆಯಲ್ಲಿ ಅವರ ಕೀಗೊಂಚಲು ಇಲ್ಲ. ನಾನೇ ಎಲ್ಲೋ ಇಟ್ಟಿರಬೇಕು. ಈಚೆಗೆ ತಲೆ ನೆಟ್ಟಗಿಲ್ಲ. ಹುಡುಕಲು ಮನಸ್ಸಾಗಲಿಲ್ಲ.

ನಾಳೆ ಅವಳನ್ನು ಕೂರಿಸಿಕೊಂಡು ಮಾತಾಡಬೇಕು. ಬಣ್ಣ ಹೊಡೆಯುವವರು ಬರುವ ಮೊದಲು ಆ ಕುರ್ಚಿಗೊಂದು ವ್ಯವಸ್ಥೆ ಮಾಡಬೇಕು. ಮೊದಲು ಕುರ್ಚಿ.

ಮಾರ್ಚ್ 12, ಮಧ್ಯಾಹ್ನ 3.50

ಮೇಲಿದ್ದಾರೆ ಈಗ. ಗೆರೆ ಸಣ್ಣಗೆ ನಡುಗುತ್ತಿದೆ. ನಡುಗಿದರೆ ನನಗೆ ಸಮಾಧಾನ.

ನಲವತ್ತನಾಲ್ಕು. ವಾರಕ್ಕೆ ಒಂದೂವರೆ ಎರಡು ಕೆಜಿ ಹೋಗುತ್ತಿದೆ. ಈ ಲೆಕ್ಕದಲ್ಲಿ ಆಗಸ್ಟ್ ಹೊತ್ತಿಗೆ ಏನೂ ಉಳಿಯುವುದಿಲ್ಲ. ಸುಣ್ಣ ಬಣ್ಣ ಬಂದರೆ ಅದಕ್ಕೂ ಮೊದಲೇ.

ಛಾವಣಿ ನೋಡಿ ಜೋರಾಗಿಯೇ ಹೇಳಿದೆ: "ಹೋಗಬೇಡಿ. ನನ್ನ ತಪ್ಪು ನನಗೆ ಗೊತ್ತು. ಬೈಯುವುದಿದ್ದರೆ ಬೈದುಬಿಡಿ, ಹೀಗೆ ಸವೆದು ಸವೆದು ಹೋಗಬೇಡಿ." ಒಂದೂವರೆ ಅಡಿ ದಪ್ಪದ ಕಾಂಕ್ರೀಟು, ಮೇಲಿನವರಿಗೆ ಏನು ಕೇಳುತ್ತದೆ.

ಮಾರ್ಚ್ 16, ಸಂಜೆ 5.30

ಗಡಿಯಾರದವರು ಇವತ್ತು ನೇರವಾಗಿ ಕೇಳಿದರು. "ಏಸಿ ಅಂತ ಬರೆದಿದ್ದೀಯಂತೆ. ಏಸಿ ಅಲ್ಲ ಅಂತ ನಿನಗೂ ಗೊತ್ತು ನನಗೂ ಗೊತ್ತು. ಏನಮ್ಮ ಅದು?"

ಹೇಳಿಬಿಟ್ಟೆ. ಅರ್ಧ ಹೇಳಿದೆ. ಮೇಲೆ ಯಾರೋ ಕೂತ ಹಾಗೆ ಬರುತ್ತಿದೆ ಎಂದಷ್ಟೇ.

ಅವರು ಸ್ಟೂಲ್ ಎಳೆದುಕೊಂಡು ಕೂತರು. "ನೋಡು, ನಿನ್ನ ಗಂಡ ಹುಡುಗರಿಗೆ ಒಂದು ಪಾಠ ಹೇಳ್ತಿದ್ದ. ಕಿಟಕಿ ಇಲ್ಲದ ಒಂದು ಪೆಟ್ಟಿಗೆ. ಒಳಗೆ ನೀನು. ಕಾಲಡಿ ನೆಲ ಒತ್ತುತ್ತಾ ಇದೆ. ಪೆಟ್ಟಿಗೆ ಭೂಮಿ ಮೇಲೆ ಇಟ್ಟಿದ್ದಾರೋ, ಇಲ್ಲ ಯಾವ ಭೂಮೀನೂ ಇಲ್ಲದ ಕಡೆ ಯಾರೋ ಹಗ್ಗ ಕಟ್ಟಿ ಮೇಲಕ್ಕೆ ಎಳೀತಾ ಇದ್ದಾರೋ? ಒಳಗಡೆ ಕೂತು ಎಂಥಾ ಯಂತ್ರ ಇಟ್ಟು ಅಳೆದ್ರೂ ಗೊತ್ತಾಗಲ್ಲ. ಎರಡೂ ಒಂದೇ ಥರ. ಅಲ್ವಾ?"

ಅಲ್ಲವೇ ಮತ್ತೆ. ಆ ಪಾಠ ನಾನೂ ಬಾಗಿಲ ಬಳಿ ನಿಂತು ಹತ್ತು ಸಲ ಕೇಳಿದ್ದೇನೆ. ಭಾರ ಎನ್ನುವುದು ಎಳೆತವೇ ಅಲ್ಲ, ನಾವೆಲ್ಲ ನಮ್ಮಷ್ಟಕ್ಕೆ ನೇರ ಹೋಗುತ್ತಿದ್ದೇವೆ, ಜಾಗವೇ ಬಾಗಿದೆ, ನೆಲ ಅಡ್ಡ ಬಂದು ತಡೆಯುತ್ತದೆ, ಆ ತಡೆಯೇ ಭಾರ ಎನ್ನುತ್ತಿದ್ದರು. ಗುಂಡಮ್ಮ ಚಿಕ್ಕವಳಿದ್ದಾಗ ಮಂಚದಿಂದ ಹಾರಿಸಿ ಹಾರಿಸಿ ತೋರಿಸಿದ್ದರು — "ಬೀಳುವಾಗ ನಿಂಗೆ ಭಾರಾನೇ ಇಲ್ಲ, ಗೊತ್ತಾಯ್ತಾ?" ಅವಳಿಗೆ ಮೊಣಕಾಲು ತರಚಿತ್ತು, ಗೊತ್ತಾಗಿತ್ತು ಕೂಡ.

"ಗೊತ್ತಾಗಬೇಕು ಅಂದ್ರೆ ಬಾಗಿಲು ತೆಗೆದು ಹೊರಗೆ ನೋಡಬೇಕು ಕಣಮ್ಮ. ಲೆಕ್ಕ ಹಾಕ್ತಾ ಕೂತ್ರೆ ಆಗಲ್ಲ. ಬಾ, ನಾನೂ ಬರ್ತೀನಿ, ನಾಳೆ ಮೂರು ಗಂಟೆಗೆ ಇಬ್ಬರೂ ಮೇಲೆ ಹೋಗಿ ನೋಡೋಣ."

ಬೇಡ ಎಂದೆ. ಬೇಡ ಸರ್, ಬೇಡ, ಕಾಲಿಗೆ ಬೀಳ್ತೀನಿ. ಬಾಗಿಲು ತೆಗೆದು ನೋಡಿದರೆ ಕುರ್ಚಿ ಖಾಲಿ ಇದ್ದರೆ? ನನಗೆ ಉಳಿದಿರುವುದು ಇದೊಂದು. ಅವರು ತಲೆ ತಗ್ಗಿಸಿ ಹೋದರು.

ಮಾರ್ಚ್ 19, ಮಧ್ಯಾಹ್ನ 3.40

ದೇವರೇ.

ಮೂರಕ್ಕೆ ನಲವತ್ತೆರಡು ಇತ್ತು. 3.34ಕ್ಕೆ ಗೆರೆ ಒಂದು ಸಲ ಹುಚ್ಚೆದ್ದು ಕುಣಿಯಿತು, ಸೀದಾ ಕೆಳಗಿಳಿದು ನಿಂತಿತು. ಪಟ್ಟಿ ತೆಗೆದು ನೋಡಿದೆ. ಎಪ್ಪತ್ತಾರು!

ಎಪ್ಪತ್ತಾರು. ಅವರ ತೂಕ. ಒಂದು ಗ್ರಾಂ ಹೆಚ್ಚಿಲ್ಲ ಕಡಿಮೆಯಿಲ್ಲ. ಪೂರ್ತಿ ಬಂದಿದ್ದಾರೆ. ಸವೆಯುತ್ತಿಲ್ಲ. ಅಳು ನಿಲ್ಲುತ್ತಿಲ್ಲ, ಅಕ್ಷರ ಕಲಸಿಹೋಗುತ್ತಿದೆ. ಎಷ್ಟು ಚೊಕ್ಕವಾಗಿದೆ ಗೆರೆ, ಇಷ್ಟು ಚೊಕ್ಕ

ಮಾರ್ಚ್ 20, ಬೆಳಗ್ಗೆ 11

ಆಸ್ಪತ್ರೆಯ ಕಾರಿಡಾರು. ಬೆಂಚು. ಡೈರಿ ಚೀಲದಲ್ಲೇ ಇತ್ತು. ಬರೆಯದಿದ್ದರೆ ತಲೆ ಸಿಡಿಯುತ್ತದೆ.

ಪಟ್ಟಿಯನ್ನು ಇನ್ನೊಮ್ಮೆ ನೋಡೋಣ, ಕಣ್ತುಂಬ ನೋಡೋಣ ಎಂದು ಕೈಗೆತ್ತಿಕೊಂಡೆ. ತಲೆಬರಹದ ಕೆಳಗೆ ಅವರ ಅಕ್ಷರ, ಎರಡು ಗೆರೆ ಎಳೆದಿದ್ದರು: "ಕುರ್ಚಿಯಲ್ಲಿ ಕೂತವರಿಗೆ ಮಾತ್ರ."

ಭಾರ ಹೆಚ್ಚಿದರೂ ಗೆರೆ ಇಳಿಯುತ್ತದೆ. ಹತ್ತಿರ ಬಂದರೂ ಇಳಿಯುತ್ತದೆ. ಯಂತ್ರಕ್ಕೆ ಎರಡೂ ಒಂದೇ. ಕುರ್ಚಿಯಿಂದ ಯಂತ್ರಕ್ಕೆ ಎರಡು ಮೀಟರು. ನೆಲದಿಂದ ಒಂದೂವರೆ. ಅಷ್ಟು ಹತ್ತಿರವಾದರೆ ನಲವತ್ತೆರಡು ಕೆಜಿ ಎಪ್ಪತ್ತಾರಿನ ಹಾಗೆ ಕಾಣುತ್ತದೆ. ಯಾರೂ ಭಾರವಾಗಿಲ್ಲ. ಯಾರೋ ನೆಲಕ್ಕೆ ಬಿದ್ದಿದ್ದಾರೆ. ಗೆರೆಯಲ್ಲಿ ನಡುಕ ಇಲ್ಲ.

ಸತ್ತವರು ಬೀಳುವುದಿಲ್ಲ.

ನಲವತ್ತೆರಡು ಕೆಜಿ. ಹೆಗಲಿನಿಂದ ಜಾರುವ ಅಂಗಿ. ಮೊಳೆಯಲ್ಲಿಲ್ಲದ ಕೀ. ಶನಿವಾರ ಭಾನುವಾರ ಕಾಲೇಜಿಗೆ ರಜೆ. ಎಲ್ಲವೂ ಒಟ್ಟಿಗೆ ಬಂದು ಮುಖಕ್ಕೆ ಹೊಡೆಯಿತು. ಮೆಟ್ಟಿಲು ಹತ್ತಿದ್ದು ನೆನಪಿಲ್ಲ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿರಲಿಲ್ಲ. ಸುಮ್ಮನೆ ತಳ್ಳಿದರೆ ತೆರೆಯಿತು. ಯಾವತ್ತು ತಳ್ಳಿದ್ದರೂ ತೆರೆಯುತ್ತಿತ್ತು.

ಕುರ್ಚಿಯ ಪಕ್ಕ, ಒಂದು ಕೈ ಮೈ ಕೆಳಗೆ. ಅಪ್ಪನ ಹಳೇ ಸ್ವೆಟರ್ ಹಾಕಿಕೊಂಡಿದ್ದಳು. ಎತ್ತಿಕೊಂಡೆ. ನಾನು, ಸೊಂಟ ನೋವಿನವಳು, ಇಪ್ಪತ್ತು ವರ್ಷದ ಮಗಳನ್ನು ಚಿಕ್ಕ ಮಗುವಿನ ಹಾಗೆ ಎತ್ತಿಕೊಂಡು ಹೊರಗೆ ಓಡಿದೆ. ಗೇಟಿನಲ್ಲಿ ಕಾವಲಿನವನು ಅಳುತ್ತ "ದಿನಾ ಬರ್ತಿದ್ರು ಮೇಡಂ, ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ" ಅಂದ. ಚಿಕ್ಕಂದಿನಿಂದ ಬಂದು ಹೋಗುವ ಹುಡುಗಿ, ಅವನೇಕೆ ತಡೆಯುತ್ತಾನೆ.

ಬಿದ್ದಿದ್ದು 3.34. ನಾನು ಬಾಗಿಲು ತಳ್ಳಿದ್ದು 3.51. ಹದಿನೇಳು ನಿಮಿಷ ಕೆಳಗೆ ಕೂತು ಆನಂದಬಾಷ್ಪ ಸುರಿಸಿದ್ದೇನೆ.

ಮಾರ್ಚ್ 21, ಸಂಜೆ 4

ಬದುಕಿದ್ದಾಳೆ. ಬದುಕುತ್ತಾಳಂತೆ.

ಹೃದಯ ಬಡಿತ ಹದ ತಪ್ಪಿತ್ತಂತೆ, ಮೈಯಲ್ಲಿ ಲವಣ ಬತ್ತಿಹೋಗಿತ್ತಂತೆ. ತಿಂಗಳುಗಟ್ಟಲೆ ಊಟ ಬಿಟ್ಟವರಿಗೆ ಹೀಗಾಗುತ್ತದಂತೆ. "ಇನ್ನೂ ಸ್ವಲ್ಪ ಹೊತ್ತು ಬಿಟ್ಟಿದ್ರೆ..." ಎಂದ ಡಾಕ್ಟರಮ್ಮ ನನ್ನ ಮುಖ ನೋಡಿ ಮಾತು ನುಂಗಿಕೊಂಡರು. ಒಂದೇ ಸಲ ತುಂಬ ತಿನ್ನಿಸುವ ಹಾಗಿಲ್ಲ, ಚಮಚ ಚಮಚ. ತೂಕ ನೋಡಿದರು. ನಲವತ್ತೊಂದೂ ಮುಕ್ಕಾಲು. ನಮ್ಮ ಯಂತ್ರದ್ದು ಕಾಲು ಕೆಜಿ ಮಾತ್ರ ಹೆಚ್ಚುಕಡಿಮೆ. ಯಾರ ಹತ್ತಿರ ಹೇಳಿಕೊಳ್ಳಲಿ ಈ ಹೆಮ್ಮೆಯನ್ನು.

ಮಾರ್ಚ್ 22, ಸಂಜೆ 6

ಮಾತಾಡಿದಳು. ಬರೆದಿಡುತ್ತೇನೆ, ಒಂದು ಶಬ್ದವೂ ತಪ್ಪಬಾರದು.

"ಅಮ್ಮ, ಗೆರೆ ನೋಡ್ತಾ ಇದ್ದೆ ಅಲ್ವಾ?"

"ಹೂಂ."

"ಮೇಲೆ ಯಾರೋ ಇದ್ದಾರೆ ಅಂತ ಮೊದಲ ದಿನಾನೇ ಗೊತ್ತಾಗಿರುತ್ತೆ."

"ಗೊತ್ತಾಗಿತ್ತು."

"ಮತ್ತೆ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಅಪ್ಪ ಅಂದ್ಕೊಂಡೆ ಕಣೇ."

ಗೋಡೆ ಕಡೆ ತಿರುಗಿದಳು. ಆಮೇಲೆ ಹೇಳಿದಳು. ಜನವರಿಯಲ್ಲಿ ಒಂದು ದಿನ ನನ್ನ ಹುಡುಕಿಕೊಂಡು ಕೆಳಗೆ ಬಂದಿದ್ದಳಂತೆ. ನಾನು ಪಂಪಿನ ಕೋಣೆಯಲ್ಲಿದ್ದೆನಂತೆ. ಲಾಗ್ ತೆರೆದಿತ್ತಂತೆ. ಅಕ್ಟೋಬರ್ 17ರ ಹಾಳೆ ನೋಡಿದಳಂತೆ. ಒಬ್ಬರು, ಗೆರೆ ಸ್ಥಿರ. ಒಬ್ಬರು, ಗೆರೆ ಬಹಳ ಸ್ಥಿರ.

"ನಿನ್ನ ಮೇಲೆ ಸಿಟ್ಟು ಬಂತು. ತುಂಬಾ ಬಂತು. ನಾನೂ ಅಲ್ಲೇ ಹೋಗಿ ಕೂತ್ಕೋತೀನಿ, ನನಗಾದ್ರೂ ಬರ್ತಾಳಾ ನೋಡೋಣ ಅಂತ. ಒಂದು ದಿನ ಅಂದ್ಕೊಂಡು ಹೋದೆ. ನೀನು ಬರಲಿಲ್ಲ. ಮಾರನೇ ದಿನಾನೂ ಬರಲಿಲ್ಲ. ಆಮೇಲೆ ಕಾಲೇಜಿಗೆ ಹೋಗೋಕೇ ಆಗ್ಲಿಲ್ಲ, ತಿನ್ನೋಕೂ ಆಗ್ಲಿಲ್ಲ. ಬೇಕು ಅಂತ ಬಿಟ್ಟಿದ್ದಲ್ಲಮ್ಮ. ಗಂಟಲಲ್ಲಿ ಇಳೀತಾನೇ ಇರಲಿಲ್ಲ. ದಿನಾ ಮೂರು ಗಂಟೆಗೆ ಅಂದ್ಕೋತಿದ್ದೆ, ಇವತ್ತು ಬರ್ತಾಳೆ ಅಂತ."

ಮೂವತ್ತಮೂರು ದಿನ. ನಾನು ಲೆಕ್ಕ ಹಾಕಿದ್ದೇನೆ, ಲೆಕ್ಕದಲ್ಲಿ ನಾನು ಗಟ್ಟಿ. ಅವಳು ಮೇಲೆ ಕೂತು ನನಗಾಗಿ ಕಿವಿಗೊಟ್ಟಿದ್ದಳು. ನಾನು ಕೆಳಗೆ ಕೂತು ಅವಳಪ್ಪನಿಗೆ ಟೀ ಸೋಸುತ್ತಿದ್ದೆ.

ಅವಳ ಕಾಲು ಹಿಡಿದುಕೊಂಡು ಕೂತೆ. ತಣ್ಣಗಿತ್ತು. ತಿಕ್ಕಿದೆ, ಬಿಸಿಯಾಗುವ ತನಕ ತಿಕ್ಕಿದೆ.

ಮಾರ್ಚ್ 24, ಮಧ್ಯಾಹ್ನ 3.15

ಬೆಳಗ್ಗೆ ಆರು ಚಮಚ ಸೂಪು, ಮಧ್ಯಾಹ್ನ ಅರ್ಧ ಲೋಟ ಹಾಲು. "ಬ್ರೆಡ್ಡು ಕೊಡು" ಎಂದು ತಾನಾಗಿ ಕೇಳಿದಳು. ಡಾಕ್ಟರಮ್ಮ ಅಂಚು ತೆಗೆದು ಕೊಡಿ ಎಂದರು. ಅಂಚು ನಾನು ತಿಂದೆ.

ಗಡಿಯಾರದವರು ಈಗಷ್ಟೇ ಫೋನ್ ಮಾಡಿದ್ದರು. ಯಂತ್ರ ನೋಡಿಕೊಳ್ಳುತ್ತಿದ್ದಾರೆ, ದೊಡ್ಡವರಿಗೂ ಅವರೇ ವಿಷಯ ಹೇಳಿದ್ದಾರೆ. ಲಾಗ್‌ನಲ್ಲಿ ಏಸಿ ಎಂದಿರುವಲ್ಲೆಲ್ಲ, ಆಮೇಲೆ ಖಾಲಿ ಬಿಟ್ಟಿರುವಲ್ಲೆಲ್ಲ ಏನು ಬರೆಯಲಿ ಎಂದು ಕೇಳಿದರು. "ಮಗಳು" ಎಂದು ಬರೆಯಿರಿ, ಮೂವತ್ತಮೂರು ಕಡೆ, ಎಂದೆ. ಆಮೇಲೆ ಮೆತ್ತಗೆ ಹೇಳಿದರು, "ಮೂರು ಗಂಟೆ ದಾಟ್ತು ಕಣಮ್ಮ. ಗೆರೆ ನೆಟ್ಟಗಿದೆ. ಏನೂ ಇಲ್ಲ."

ಏನೂ ಇಲ್ಲ. ಮಗಳು ಇಲ್ಲಿ ಉಸಿರಾಡುತ್ತ ಮಲಗಿದ್ದಾಳೆ, ನನಗೆ ಸಾಕಾಗಬೇಕು, ಸಾಕು ಕೂಡ. ಆದರೂ ಅವರು ಇವತ್ತು ಸತ್ತ ಹಾಗೆ ಆಯಿತು. ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ.

ಅವಳ ತಲೆ ನನ್ನ ಎಡಗೈ ಮೇಲಿದೆ. ಜೋಮು ಹಿಡಿದಿದೆ. ತೆಗೆಯುವುದಿಲ್ಲ. ಬಲಗೈಯಲ್ಲಿ ಬರೆಯುತ್ತಿದ್ದೇನೆ. ನಿದ್ದೆಯಲ್ಲಿ ಆಗಾಗ ಕಾಲು ಒದರುತ್ತಾಳೆ, ಆಗ ಜೀವ ಬರುತ್ತದೆ. ಒದರದಿದ್ದರೆ ಬೆರಳು ಮೂಗಿನ ಹತ್ತಿರ ಒಯ್ದು ನೋಡುತ್ತೇನೆ. ನಿನ್ನೆ ರಾತ್ರಿಯಿಡೀ ಇದೇ. ಇನ್ನು ಎಷ್ಟು ವರ್ಷ ಹೀಗೆ ನೋಡುತ್ತೇನೋ, ಅವಳಿಗೆ ಮದುವೆಯಾದರೂ ಹೋಗಿ ಮೂಗಿಗೆ ಬೆರಳು ಹಿಡಿಯುತ್ತೇನೇನೋ.

ಈಗ ನೋಡಿದೆ. ಕಣ್ಣು ಮುಚ್ಚಿಕೊಂಡೇ ಅಂದಳು: "ಇದ್ದೀನಮ್ಮ. ಬರಿ ನೀನು."

ಬರೆಯುತ್ತಿದ್ದೇನೆ. ಇದ್ದಾಳೆ. ಹೊದಿಕೆ ದಪ್ಪ, ಎದೆ ಏಳುವುದು ಕಾಣುವುದಿಲ್ಲ. ಎರಡು ನಿಮಿಷವಾಯಿತು, ಕಾಲು ಒದರಿಲ್ಲ. ಈಗಷ್ಟೇ ಮಾತಾಡಿದ್ದಾಳೆ, ಗೊತ್ತು. ಮೂರು ನಿಮಿಷ. ಒಂದೇ ಒಂದು ಸಲ ನೋಡಿಬಿಟ್ಟು